ನಾಳೆ ಬಾ

ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತೆ, ಓಗೊಟ್ಟರೆ ಕಥೆ ಮುಗೀತು ಅನ್ನೋ ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತಿದ್ದರೆ ಪಾಪ, ಓದಿಕೊಂಡು ವಾಪಸ್ ಹೋಗುತ್ತೆ. ಮರುದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ಅಕ್ಷರ ಕಲಿತ ದೆವ್ವ. ಮೇಲಾಗಿ ಕಾನೂನಿಗೆ ತಲೆಬಾಗುವಂಥದ್ದು.

ಆ ದೆವ್ವ ಮತ್ತೆ ನೆನಪಾಗಿದ್ದು ದಾವಣಗೆರೆಯ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ. ವಿಷಯ, ‘ಅಂತರರಾಷ್ಟ್ರೀಯ ನಿರಾಶ್ರಿತರ ಕಾನೂನು: ಸವಾಲುಗಳು ಮತ್ತು ಭವಿಷ್ಯ’. ಹತ್ತಕ್ಕೆ ಅಂದಿದ್ದು ಹನ್ನೊಂದೂವರೆಗೆ ಶುರುವಾಯಿತು. ಅತಿಥಿಗಳ ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ, ಅದಕ್ಕೇ ತಡ. ಕಾಂಪೌಂಡ್ ಪಕ್ಕದಲ್ಲಿ ಚಳಿಗಾಲ ಬಂದರೆ ಟಿಬೆಟಿನವರ ಸ್ವೆಟರ್ ಅಂಗಡಿ ಇರುತ್ತೆ. ವಾಚ್‌ಮನ್ ಹೋಗಿ, “ಅಕ್ಕಾರೆ, ಇವತ್ತೊಂದಿನ ಆ ಕಡೆ ಸರ್ಕೊಳ್ರಿ. ಒಳಗೆ ನಿರಾಶ್ರಿತರ ಫಂಕ್ಷನ್ ಐತಿ” ಅಂದ.

ಆಕೆ ಒಂದು ಮಾತೂ ಆಡದೆ ಹಗ್ಗ ಬಿಚ್ಚಿದರು. ನಾನೂ ಒಂದು ಗಂಟು ಎತ್ತಿಕೊಂಡೆ. ಚರಂಡಿ ದಾಟಿ, ಮಂಡಕ್ಕಿ-ಮೆಣಸಿನಕಾಯಿ ಗಾಡಿಯ ಪಕ್ಕ ಹೊಸ ಠಿಕಾಣಿ. ಬೋಂಡಾದ ಎಣ್ಣೆ ಸ್ವೆಟರಿಗೆ ಸಿಡಿಯದ ಹಾಗೆ ನಡುವೆ ಒಂದು ರಟ್ಟು ನಿಲ್ಲಿಸಿದರು. ಮುಂಡಗೋಡದ ಕ್ಯಾಂಪಿನಲ್ಲಿ ಹುಟ್ಟಿದವರಂತೆ. ನನಗಿಂತ ಚಂದದ ಕನ್ನಡ.

“ಕಾಗದ-ಪತ್ರ ಏನಾದ್ರೂ ಇಟ್ಕೊಂಡಿದ್ದೀರಾ?” ಅಂದೆ.

“ಆರ್‌ಸಿ ಐತ್ರಿ.”

“ಗಾಡಿ ಎಲ್ಲಿ?”

“ಗಾಡಿದಲ್ರೀ, ನಂದು.”

ಟಿಬೆಟಿನವರಿಗೆ ನಮ್ಮ ಸರ್ಕಾರ ಕೊಡೋ ನೋಂದಣಿ ಪತ್ರಕ್ಕೂ ಆರ್‌ಸಿ ಅಂತಲೇ ಹೆಸರು. ನನ್ನ ಸ್ಕೂಟರಿನ ಆರ್‌ಸಿ ಹದಿನೈದು ವರ್ಷ ನಡೆಯುತ್ತೆ. ಇವರದ್ದನ್ನು ಅದಕ್ಕಿಂತ ಬೇಗ ರಿನ್ಯೂ ಮಾಡಿಸಬೇಕು.

ಒಳಗೆ ಭಾಷಣ ಶುರುವಾಗಿತ್ತು. 1951ರ ಜುಲೈ 28ರಂದು ಜಿನೀವಾದಲ್ಲಿ ಒಪ್ಪಿದ ಒಡಂಬಡಿಕೆಯೇ ಈ ಕಾನೂನಿನ ಬೇರು. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳದ ಭಯ ಇದ್ದು ದೇಶ ಬಿಟ್ಟವರೇ ನಿರಾಶ್ರಿತರು. ಜೀವಕ್ಕೆ ಅಪಾಯ ಇರೋ ಕಡೆಗೆ ಅವರನ್ನು ವಾಪಸ್ ತಳ್ಳಬಾರದು. ಒಳ್ಳೆಯ ಮಾತೇ. ಆದರೆ ಮೂಲದಲ್ಲಿ ಅದು 1951ರ ಜನವರಿ 1ಕ್ಕೆ ಮೊದಲು ನಡೆದ ಘಟನೆಗಳಿಗೆ ಮಾತ್ರ. ಆಮೇಲೆ ಓಡಿ ಬಂದವರು ಲೇಟು. ನಿರಾಶ್ರಿತರನ್ನು ನೋಡಿಕೊಳ್ಳೋಕೆ ವಿಶ್ವಸಂಸ್ಥೆ ತೆರೆದ ಕಚೇರಿಗೂ ಕೊಟ್ಟಿದ್ದು ಮೂರೇ ವರ್ಷ. ಅದೇ ಕಚೇರಿಯ ಲೆಕ್ಕದಲ್ಲಿ, 2024ರ ಕೊನೆಯ ಹೊತ್ತಿಗೆ, ತಮ್ಮ ದೇಶದ ಒಳಗೇ ದಿಕ್ಕಾಪಾಲಾದವರನ್ನೂ ಸೇರಿಸಿ, ಮನೆ ಬಿಟ್ಟವರು 12.32 ಕೋಟಿ. 2011ರ ಜನಗಣತಿ ಹಿಡಿದರೆ ಇಡೀ ಕರ್ನಾಟಕದ ಎರಡು ಪಟ್ಟು.

ತಾರೀಖಿನ ಗಡುವನ್ನು 1967ರಲ್ಲಿ ತೆಗೆದರು. ಆದರೆ ಟರ್ಕಿ ‘ಯುರೋಪಿನಿಂದ ಬಂದವರಷ್ಟೇ ನಿರಾಶ್ರಿತರು’ ಅನ್ನೋ ಹಳೇ ಷರತ್ತನ್ನು ಬಿಡಲಿಲ್ಲ. ಹಾಗಾಗಿ ಅಲ್ಲಿ ಲಕ್ಷಗಟ್ಟಲೆ ಸಿರಿಯಾದವರು ವರ್ಷಗಟ್ಟಲೆ ಇದ್ದರು, ಆದರೆ ಕಾಗದದ ಮೇಲೆ ನಿರಾಶ್ರಿತರಲ್ಲ, ತಾತ್ಕಾಲಿಕ ರಕ್ಷಣೆಯವರು.

ಇನ್ನು ದಾರಿಯ ವಿಷಯ. ಆಶ್ರಯ ಕೇಳಬೇಕಾದರೆ ಸಾಮಾನ್ಯವಾಗಿ ಆ ದೇಶದ ನೆಲದ ಮೇಲೇ ನಿಂತು ಕೇಳಬೇಕು. ಅಲ್ಲಿಗೆ ಹೋಗೋಕೆ ವೀಸಾ ಬೇಕು. ಆಶ್ರಯ ಕೇಳೋಕೆ ಹೊರಟಿದ್ದೀನಿ ಅಂತ ನಿಜ ಹೇಳಿದರೆ ವೀಸಾ ಸಿಗಲ್ಲ. ವೀಸಾ ಇಲ್ಲದವರನ್ನು ಹತ್ತಿಸಿಕೊಂಡರೆ ವಿಮಾನ ಕಂಪನಿಗೆ ದಂಡ. ಸರಿ ಅಂತ ದೋಣಿ ಹತ್ತಿದರೆ, ಅಯ್ಯೋ, ಕಳ್ಳದಾರಿಯಲ್ಲಿ ಬಂದ್ರಾ?

ದೋಣಿಯಲ್ಲಿ ಬಂದವರಿಗಾಗಿಯೇ ಆಸ್ಟ್ರೇಲಿಯಾ 2013ರಲ್ಲಿ ಒಂದು ಕೆಲಸ ಮಾಡಿತು. ತನ್ನ ಇಡೀ ನೆಲವನ್ನೇ ತನ್ನ ವಲಸೆ ವಲಯದಿಂದ, ಅಂದರೆ ಕಾಲಿಟ್ಟವರು ವೀಸಾ ಕೇಳಬಹುದಾದ ಜಾಗದಿಂದ, ಹೊರಗಿಟ್ಟಿತು. ನೆಂಟರು ಬಂದು ಪಡಸಾಲೆಯಲ್ಲಿ ಕೂತಿದ್ದಾರೆ, ಯಜಮಾನ ಎದುರಿಗೇ ಕೂತು “ಇದು ನಮ್ಮನೆ ಅಲ್ಲ” ಅಂತಾನೆ. ಬಾಗಿಲು ಹಾಕಿದರೆ ಜನ ಆಡಿಕೊಳ್ಳುತ್ತಾರೆ. ಹೊಸ್ತಿಲನ್ನೇ ಎತ್ತಿಕೊಂಡು ಹೋದರೆ ಯಾರೂ ಕೇಳಲ್ಲ.

ಬ್ರಿಟನ್ನಿನದು ಇನ್ನೂ ಸೊಗಸು. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಸಾಗಿಸ್ತೀವಿ ಅಂತ 2022ರಲ್ಲಿ ಒಪ್ಪಂದ ಮಾಡಿಕೊಂಡಿತು. 2023ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರುವಾಂಡಾ ಇವರಿಗೆ ಸುರಕ್ಷಿತ ಅಲ್ಲ, ಅಲ್ಲಿಂದ ಮತ್ತೆ ಅಪಾಯದ ಕಡೆಗೇ ತಳ್ಳಬಹುದು ಅಂದಿತು. ಸರ್ಕಾರ ಏನು ಮಾಡಬೇಕು? 2024ರ ಏಪ್ರಿಲಿನಲ್ಲಿ ‘ರುವಾಂಡಾ ಸುರಕ್ಷಿತ’ ಅಂತ ಒಂದು ಕಾಯಿದೆಯನ್ನೇ ಪಾಸು ಮಾಡಿತು. ಹಿರಿಯೂರಿಗೆ ಮಳೆ ಬಿದ್ದಿಲ್ಲ ಅಂತ ತಹಶೀಲ್ದಾರರು ವರದಿ ಕೊಟ್ಟರೆ, ವಿಧಾನಸೌಧದಲ್ಲಿ ‘ಹಿರಿಯೂರು ಮಲೆನಾಡು ಕಾಯಿದೆ’ ತಂದ ಹಾಗೆ. ಬರ ಪರಿಹಾರ ಕೇಳೋಕೆ ಹೋದ ರೈತನಿಗೆ, ಛತ್ರಿ ಯಾಕೆ ತಂದಿಲ್ಲ ಅಂತ ಗದರಿದ ಹಾಗೆ. ಮುಂದೆ ಬಂದ ಗೃಹಮಂತ್ರಿ ಲೆಕ್ಕ ಹಾಕಿದಾಗ ಖರ್ಚಾಗಿದ್ದು 70 ಕೋಟಿ ಪೌಂಡ್. ರುವಾಂಡಾಕ್ಕೆ ಹೋದವರು ನಾಲ್ಕೇ ಮಂದಿ. ಅವರೂ ತಾವಾಗಿ ಒಪ್ಪಿ ಹೋದವರು.

ಊಟಕ್ಕೆ ಮುಂಚಿನ ಭಾಷಣ ಕಿರಿಬಾಟಿಯದ್ದು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳು, ನೀರು ಏರುತ್ತಿದೆ. ಅಲ್ಲಿಯ ಒಬ್ಬರು ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿದರು. ಸಮುದ್ರಕ್ಕೆ ಧರ್ಮ, ಪಕ್ಷ ಗೊತ್ತಾಗಲ್ಲ, ಎಲ್ಲರನ್ನೂ ಒಂದೇ ಸಮ ಮುಳುಗಿಸುತ್ತೆ. ಹಾಗಾಗಿ ಒಡಂಬಡಿಕೆಯ ಐದು ಕಾರಣಗಳಲ್ಲಿ ಯಾವ ಕಾಲಮ್ಮಿಗೂ ಬರಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು, ಅವರನ್ನು ವಾಪಸ್ ಕಳಿಸಿದರು. 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಬಹಳ ದೊಡ್ಡ ಮಾತು ಹೇಳಿತು. ಹವಾಮಾನದಿಂದ ಜೀವಕ್ಕೇ ಕುತ್ತು ಇದ್ದರೆ ವಾಪಸ್ ಕಳಿಸುವಂತಿಲ್ಲ. ಆದರೆ ಇವರ ದ್ವೀಪಕ್ಕೆ ಇನ್ನೂ ಹತ್ತು-ಹದಿನೈದು ವರ್ಷ ಟೈಮ್ ಇದೆ.

ನಾಳೆ ಬಾ.

ನಮ್ಮ ದೇಶ ಈ ಒಡಂಬಡಿಕೆಗೆ ಸಹಿಯನ್ನೇ ಹಾಕಿಲ್ಲ. ಆದರೂ ಅರವತ್ತರ ದಶಕದಲ್ಲಿ ದುರ್ಗದ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮುಂಡಗೋಡದಲ್ಲಿ ಟಿಬೆಟಿನವರಿಗೆ ನೆಲ ಸಿಕ್ಕಿತು. ದುರ್ಗದ ಹತ್ತಿರದ ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕವನ್ನು 2011ರಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದರು. ಹಾಗಂತ ಎದೆ ಉಬ್ಬಿಸೋದು ಬೇಡ. ಕಾನೂನಿನಲ್ಲಿ ‘ನಿರಾಶ್ರಿತ’ ಅನ್ನೋ ಜಾಗವೇ ಇಲ್ಲದ ಮೇಲೆ, ಕೊಡೋರ ಮನಸ್ಸು ಚೆನ್ನಾಗಿದ್ದರೆ ನೆಲ, ಇಲ್ಲಾಂದ್ರೆ ಇಲ್ಲ. ಬೇಕಾದರೆ ಮ್ಯಾನ್ಮಾರಿನಿಂದ ಓಡಿ ಬಂದ ರೊಹಿಂಗ್ಯಾಗಳನ್ನು ಕೇಳಿ.

ನಾಲ್ಕು ಗಂಟೆಗೆ ವಂದನಾರ್ಪಣೆ. ಶಾಲು, ಹಾರ, ಫೋಟೊ. ಹೊರಗೆ ಬಂದ ಮುಖ್ಯ ಅತಿಥಿಗಳಿಗೆ ಚಳಿ ಹತ್ತಿತ್ತು. ಶಾಲು ಸಾಲದೆ ಕಾಂಪೌಂಡ್ ಪಕ್ಕ ಹುಡುಕಿದರು, ಬೆಳಿಗ್ಗೆ ಬರುವಾಗ ಇಲ್ಲೊಂದು ಸ್ವೆಟರ್ ಅಂಗಡಿ ಇತ್ತಲ್ಲ ಅಂತ. ವಾಚ್‌ಮನ್ ಚರಂಡಿ ಆಚೆ ಕೈ ತೋರಿಸಿದ. ಒಂಬೈನೂರರ ಸ್ವೆಟರನ್ನು ಐನೂರಕ್ಕೆ ಕೇಳಿದರು, ಆರುನೂರೈವತ್ತಕ್ಕೆ ಒಪ್ಪಿದರು. ಹಾಕಿ ನೋಡಿದರೆ ಹೊಟ್ಟೆ ಹತ್ತಿರ ಬಿಗಿ.

“ದೊಡ್ಡ ಸೈಜ್ ಇಲ್ವಾ?”

“ಖಾಲಿ ಆಗೈತ್ರಿ. ನಾಳೆ ಬರ್ರಿ ಸರ್” ಅಂದರು ಆಕೆ, ಸ್ವೆಟರ್ ಮಡಚುತ್ತಾ. “ಅಂಗಡಿ ಎಲ್ಲಿರ್ತೈತೋ, ನೋಡ್ಕೊಂಡು ಬರ್ರಿ.”