ಮೂರೂ ಮುಕ್ಕಾಲು ಕ್ರೆಡಿಟ್

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಮುಗಿಸಿ ಹೊರಬೀಳಬೇಕಾದವರ ಖಾತೆಯಲ್ಲಿ ಕನಿಷ್ಠ 120 ಕ್ರೆಡಿಟ್ ಜಮೆಯಾಗಿರಬೇಕು. ಇಂಗ್ಲಿಷಿಗೆ 20, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 15, ಪರಭಾಷೆಗೆ 5, ಕಲೆಗೆ 5. ಇಲ್ಲಿಯವರೆಗೆ ಲೆಕ್ಕ ದುಂಡಗಿದೆ. ವ್ಯಾಯಾಮ ಮತ್ತು ಆರೋಗ್ಯ ಶಿಕ್ಷಣದ ಸಾಲಿಗೆ ಬಂದಾಗ ಕಣ್ಣು ತುಸು ನಿಲ್ಲುತ್ತದೆ. ಶಾಲೆಯಲ್ಲಿರುವ ಪ್ರತಿ ವರ್ಷಕ್ಕೂ 3¾ ಕ್ರೆಡಿಟ್. ಮೂರಲ್ಲ, ನಾಲ್ಕಲ್ಲ, ಮೂರೂ ಮುಕ್ಕಾಲು.

ಅಚ್ಚಿನ ದೋಷ ಎಂದುಕೊಳ್ಳಬೇಡಿ. ಮಕ್ಕಳು ವಾರಕ್ಕೆ ಎರಡೂವರೆ ಗಂಟೆ, ಅಂದರೆ 150 ನಿಮಿಷ ಮೈ ಬಗ್ಗಿಸಬೇಕು ಎಂದು ಶಾಸನ ಹೇಳಿತು. ವಾರಕ್ಕೊಮ್ಮೆ 40 ನಿಮಿಷದಂತೆ ವರ್ಷವಿಡೀ ನಡೆದ ತರಗತಿಗೆ ಒಂದು ಕ್ರೆಡಿಟ್ ಎಂದು ನಿಯಮಾವಳಿ ಹೇಳಿತು. 150ನ್ನು 40ರಿಂದ ಭಾಗಿಸಿದರೆ ಮೂರೂ ಮುಕ್ಕಾಲು. ಭಾಗಾಕಾರ ಸರಿಯಾಗಿಯೇ ಇರುವುದರಿಂದ ಇದನ್ನು ಯಾರೂ ಅಸಂಬದ್ಧ ಎನ್ನುವಂತಿಲ್ಲ. ಹುಡುಗ ಎಷ್ಟು ದೂರ ಓಡಿದ, ಎಷ್ಟು ಎತ್ತರ ಹಾರಿದ, ಕೊನೆಯ ಪಕ್ಷ ಬೆವರಿದನೇ ಎಂದು ಬರೆಯಲು ಆ ಕೋಷ್ಟಕದಲ್ಲಿ ಜಾಗವಿಲ್ಲ.

ಕೋಷ್ಟಕವನ್ನು ತುಂಬುವ ಕಾಲ ಬರುವುದು 11ನೇ ತರಗತಿಯ ನಡುಚಳಿಗಾಲದಲ್ಲಿ. ಮುಂದಿನದು ಕಡೆಯ ವರ್ಷ. ಆ ವರ್ಷ ಏನೇನು ಓದುತ್ತೇನೆಂದು ಹದಿನಾರರ ಹುಡುಗಿ ಈಗಲೇ ಬರೆದುಕೊಡಬೇಕು. ಶಾಲೆ ಕೈಗಿಡುವ ಕೋರ್ಸ್ ಪುಸ್ತಕದಲ್ಲಿ ಬೇಕಾದುದೆಲ್ಲವೂ ಇರುತ್ತದೆ: ಮನಶ್ಶಾಸ್ತ್ರ, ಕುಂಬಾರಿಕೆ, ಅಡುಗೆ, ಅಪರಾಧ ವಿಜ್ಞಾನ. ಓದುತ್ತಾ ಹೋದರೆ ಮರಳಿ ಹೈಸ್ಕೂಲಿಗೆ ಸೇರಿಬಿಡೋಣ ಎಂದು ಅಪ್ಪಂದಿರಿಗೂ ಆಸೆಯಾಗುತ್ತದೆ. ಆದರೆ ರಾಜ್ಯ ಕೇಳುವುದನ್ನು ಮೊದಲು ಬರೆಯಬೇಕು, ಕಾಲೇಜುಗಳು ಬಯಸುವುದನ್ನು ಆಮೇಲೆ. ಇವೆರಡೂ ಮುಗಿದು ಜಾಗ ಉಳಿದರೆ ಹುಡುಗಿ ತನಗೆ ಬೇಕಾದುದನ್ನು ಬರೆದುಕೊಳ್ಳಬಹುದು. ಉಳಿಯುವುದಿಲ್ಲ.

ಉಳಿದರೂ ವೇಳಾಪಟ್ಟಿ ಬಿಡಬೇಕಲ್ಲ. ಉನ್ನತ ದರ್ಜೆಯ ಭೌತವಿಜ್ಞಾನ ನಡೆಯುವುದು ಇಡೀ ಶಾಲೆಯಲ್ಲಿ ಒಂದೇ ಸಲ, ನಾಲ್ಕನೆಯ ಪೀರಿಯಡ್‌ನಲ್ಲಿ. ಆರ್ಕೆಸ್ಟ್ರಾ ನಡೆಯುವುದೂ ಒಂದೇ ಸಲ, ಅದೇ ನಾಲ್ಕನೆಯ ಪೀರಿಯಡ್‌ನಲ್ಲಿ. ಇವೆರಡರ ಜಾತಕ ಷಷ್ಠಾಷ್ಟಕ. ಯಾವ ಶಾಂತಿ ಮಾಡಿಸಿದರೂ ಕೂಡುವುದಿಲ್ಲ. ಎಂಟು ವರ್ಷ ಪಿಟೀಲು ಕುಯ್ದ ಹುಡುಗಿ ಕಡೆಯ ವರ್ಷ ಅದನ್ನು ಪೆಟ್ಟಿಗೆಯಲ್ಲಿಟ್ಟು ಎಲೆಕ್ಟ್ರಾನುಗಳ ಹಿಂದೆ ಹೊರಡುತ್ತಾಳೆ.

ಹಾಗೆ ಹೊರಡುವುದಕ್ಕೆ ವೇಳಾಪಟ್ಟಿಗಿಂತ ಘನವಾದ ಇನ್ನೊಂದು ಕಾರಣವಿದೆ. ಸರಾಸರಿ ಅಂಕದ ಅಳತೆ ಅಲ್ಲಿ ನಾಲ್ಕಕ್ಕೆ. ಎಲ್ಲದರಲ್ಲೂ 'ಎ' ಬಂದರೆ 4.0. ಕಷ್ಟದ ಕೋರ್ಸಿನ 'ಎ'ಗೆ ಅನೇಕ ಶಾಲೆಗಳು ಒಂದು ಹೆಚ್ಚಿಗೆ ಸೇರಿಸಿ ಐದು ಕೊಡುತ್ತವೆ. ಹಾಗಾಗಿ ನಾಲ್ಕಕ್ಕೆ 4.6 ತೆಗೆದ ಮಕ್ಕಳು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ಪಾತ್ರೆಗಿಂತ ಹೆಚ್ಚು ಹಾಲು ಹಿಡಿಸಿದ ಈ ಸಾಧನೆಯನ್ನಾದರೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಮುಂದಿನದು. 4.6 ಇರುವ ಹುಡುಗಿ ಆರ್ಕೆಸ್ಟ್ರಾ ತೆಗೆದುಕೊಂಡು ಅದರಲ್ಲಿ ಶಾಲೆಗೇ ಮೊದಲಿಗಳಾಗಿ 'ಎ' ಪಡೆದರೆ, ಆ 'ಎ'ಯ ಬೆಲೆ ಬರೀ ನಾಲ್ಕು. ಸರಾಸರಿ ಇಳಿಯುತ್ತದೆ. ಅಂದರೆ ಒಂದು ವಿಷಯದಲ್ಲಿ ಇನ್ನು ಸಾಧಿಸಲು ಏನೂ ಉಳಿಯದಂತೆ ಸಾಧಿಸಿದ್ದಕ್ಕೆ ದಂಡ ತೆರಬೇಕು. ಲೆಕ್ಕ ಬಲ್ಲ ಮಕ್ಕಳು ಇದನ್ನು ಬೇಗ ಕಂಡುಕೊಳ್ಳುತ್ತಾರೆ. ಗಣಿತಕ್ಕೆ ಕೊಟ್ಟ 15 ಕ್ರೆಡಿಟ್ ದಂಡವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇದನ್ನೆಲ್ಲ ಯಾರನ್ನು ಕೇಳುವುದು? ಶಾಲೆಯಲ್ಲಿ ಕೌನ್ಸೆಲರ್ ಇರುತ್ತಾರೆ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿಗಿಂತ ಹೆಚ್ಚಿರಬಾರದು ಎಂದು ಅವರದೇ ರಾಷ್ಟ್ರೀಯ ಸಂಘ ಹೇಳುತ್ತದೆ. ದೇಶದ ಸರಾಸರಿ 350ನ್ನು ಮೀರಿದೆ. ನಿಮ್ಮ ಮಗಳ ಪಾಲಿನ ಹತ್ತು ನಿಮಿಷದಲ್ಲಿ ಅವರು ಮುಗುಳ್ನಕ್ಕು, ಪರದೆಯನ್ನು ನೋಡಿ, "ನಿಮಗೆ ಇನ್ನೂ ಎರಡೂವರೆ ಕ್ರೆಡಿಟ್ ಹಣಕಾಸು ಸಾಕ್ಷರತೆ ಬಾಕಿ ಇದೆ" ಎನ್ನುತ್ತಾರೆ. ಇದೂ ನ್ಯೂಜೆರ್ಸಿಯ ಕಡ್ಡಾಯವೇ. ಅರ್ಧ ವರ್ಷ ಕೂತು ಚಕ್ರಬಡ್ಡಿ ಹೇಗೆ ಮನೆ ಮುಳುಗಿಸುತ್ತದೆ ಎಂದು ಮಕ್ಕಳು ಕಲಿಯುತ್ತಾರೆ. ಅದರ ಬೆನ್ನಿಗೇ ಕಾಲೇಜು ಸಾಲದ ಪತ್ರಕ್ಕೆ ಸಹಿ ಹಾಕುತ್ತಾರೆ. ದೇಶದ ವಿದ್ಯಾರ್ಥಿ ಸಾಲ ಒಂದೂವರೆ ಲಕ್ಷ ಕೋಟಿ ಡಾಲರನ್ನು ದಾಟಿ ಕೂತಿದೆ. ಪಾಠವನ್ನು ಪ್ರಯೋಗದಿಂದಲೇ ಮನದಟ್ಟು ಮಾಡಿಸಬೇಕೆಂಬ ಶಿಕ್ಷಣತಜ್ಞರ ಆಸೆ ಇಲ್ಲಿಯಾದರೂ ಈಡೇರಿತು.

ಅಮೆರಿಕಕ್ಕೆ ಬರುವ ನಮ್ಮ ತಾತಂದಿರು ಚಳಿಗೆ ಹೆದರಿ ಬೇಸಿಗೆಯಲ್ಲಿ ಬಂದು ಬೇಸಿಗೆಯಲ್ಲೇ ಹಿಂದಿರುಗುತ್ತಾರೆ. ಲೆಕ್ಕ ತಪ್ಪಿ ಜನವರಿಯಲ್ಲಿ ಸಿಕ್ಕಿಬಿದ್ದ ಒಬ್ಬ ತಾತನನ್ನು ಕಲ್ಪಿಸಿಕೊಳ್ಳಿ. ಖಜಾನೆ ಇಲಾಖೆಯಲ್ಲಿ ಪಿಂಚಣಿ ಕಡತಗಳನ್ನು ನೋಡಿ ನಿವೃತ್ತರಾದವರು. ಊಟದ ಮೇಜಿನ ಮೇಲೆ ಹರಡಿದ ಕೋಷ್ಟಕವನ್ನು ಅವರಲ್ಲದೆ ಇನ್ನಾರು ಅಷ್ಟು ಪ್ರೀತಿಯಿಂದ ನೋಡಿಯಾರು?

"ಅಲ್ಲ ಪುಟ್ಟಿ, ಹೀಗೆ ಗಂಟೆ ಎಣಿಸುವವರು ಕೊನೆಗೆ ಕೂಲಿ ಕೊಡುತ್ತಾರೆ. ಇವರೇನು ಕೊಡುತ್ತಾರೆ?"

"ಡಿಪ್ಲೊಮಾ ಕೊಡುತ್ತಾರೆ, ತಾತ."

"ಇದರ ವಾಸನೆ ನನಗೆ ಗೊತ್ತು. ಇದು ಪಾಠದ ಕಾಗದವಲ್ಲ, ಪಿಂಚಣಿಯ ಕಾಗದ."

ತಾತನ ಮೂಗನ್ನು ಮೆಚ್ಚಬೇಕು. ಉಕ್ಕಿನಲ್ಲಿ ಹಣ ಮಾಡಿದ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ತೆಗೆದಿಟ್ಟರು. ಹಣ ಬಂದ ಮೇಲೆ ಪ್ರಶ್ನೆಯೂ ಬಂತು: ಯಾವುದನ್ನು ಕಾಲೇಜು ಎನ್ನಬೇಕು? ಆ ಕಾಲದಲ್ಲಿ ಹೈಸ್ಕೂಲಿಗೂ ಕಾಲೇಜಿಗೂ ನಡುವಿನ ಗೋಡೆ ಅಷ್ಟೇನೂ ಎತ್ತರವಿರಲಿಲ್ಲ. ಬೋರ್ಡು ತಗುಲಿಸಿದವರೆಲ್ಲ ಕಾಲೇಜೇ. ಆ ಹಣವನ್ನು ನೋಡಿಕೊಳ್ಳುತ್ತಿದ್ದ ಕಾರ್ನೆಗಿ ಪ್ರತಿಷ್ಠಾನ ಒಂದು ಅಳತೆಗೋಲು ಮಾಡಿತು. ಹೈಸ್ಕೂಲಿನಲ್ಲಿ 14 ಯೂನಿಟ್ ಮುಗಿಸಿದವರನ್ನೇ ಸೇರಿಸಿಕೊಳ್ಳುವುದು ಕಾಲೇಜು. ಒಂದು ಯೂನಿಟ್ ಎಂದರೆ ಒಂದು ವಿಷಯಕ್ಕೆ ವರ್ಷದಲ್ಲಿ 120 ಗಂಟೆ. ಪಿಂಚಣಿ ಬೇಕಾದ ಕಾಲೇಜು ಯೂನಿಟ್ ಕೇಳಿತು, ಮಕ್ಕಳನ್ನು ಕಾಲೇಜಿಗೆ ಕಳಿಸಬೇಕಾದ ಹೈಸ್ಕೂಲು ಯೂನಿಟ್ ಎಣಿಸಿತು. ಪ್ರತಿಷ್ಠಾನದ ಇನ್ನೊಂದು ಷರತ್ತು, ಕಾಲೇಜು ಯಾವುದೇ ಪಂಗಡದ ಚರ್ಚಿನ ಅಧೀನದಲ್ಲಿ ಇರಬಾರದು ಎಂದು. ಪಿಂಚಣಿಗಾಗಿ ಚರ್ಚಿನ ನಂಟನ್ನೇ ಕಳಚಿಕೊಂಡ ಕಾಲೇಜುಗಳೂ ಇದ್ದವು. ದೇವರನ್ನೇ ಬಿಟ್ಟವರಿಗೆ 120 ಗಂಟೆ ಯಾವ ಲೆಕ್ಕ?

ಆಮೇಲೆ ಆದದ್ದು ಇನ್ನೂ ಸೊಗಸು. ಒಂದು ಕೋಟಿ ಡಾಲರ್ ಸಾಲದಾಯಿತು. ಅಧ್ಯಾಪಕರು ವಯಸ್ಸಾಗುವುದನ್ನು ನಿಲ್ಲಿಸಲಿಲ್ಲ. 1918ರಲ್ಲಿ ಅಧ್ಯಾಪಕರೂ ಕಾಲೇಜೂ ಕೈಯಿಂದ ಕಟ್ಟಬೇಕಾದ ಬೇರೊಂದು ವಿಮಾ ಸಂಸ್ಥೆ ಹುಟ್ಟಿತು, ಪುಕ್ಕಟೆ ಪಿಂಚಣಿಯ ಕಾಲ ಮುಗಿಯಿತು. ಉಳಿದದ್ದು ಅದರ ಅರ್ಜಿ ನಮೂನೆ ಮಾತ್ರ. ನೂರು ವರ್ಷ ದಾಟಿದರೂ ಅಮೆರಿಕದ ಮಕ್ಕಳು ಅದನ್ನು ತುಂಬುತ್ತಲೇ ಇದ್ದಾರೆ, ಎಂದೋ ತೀರಿಕೊಂಡ ಪ್ರೊಫೆಸರರ ಪಿಂಚಣಿ ಇನ್ನೇನು ಮಂಜೂರಾಗುತ್ತದೆ ಎಂಬಂತೆ. "ಕಡತ ಮುಚ್ಚಿದ ಮೇಲೂ ನಮೂನೆ ನಿಲ್ಲುವುದಿಲ್ಲ. ಅದು ಎಲ್ಲ ದೇಶದಲ್ಲೂ ಹಾಗೆಯೇ" ಎಂದು ತಾತ ಸಮಾಧಾನ ಹೇಳುತ್ತಾರೆ. ಕೋಷ್ಟಕಕ್ಕೆ ಮೇಲಧಿಕಾರಿಯ ಸಹಿ ಬೇಡವೇ ಎಂಬುದಷ್ಟೇ ಅವರ ಕೊರಗು.

ಅಳತೆ ಒಮ್ಮೆ ನಿಂತ ಮೇಲೆ ರೋಗ ಯಾವುದಾದರೂ ಮದ್ದು ಅದರಲ್ಲೇ. ದೇಶದ ಶಿಕ್ಷಣ ಅಪಾಯದ ಅಂಚಿನಲ್ಲಿದೆ ಎಂದು 1983ರಲ್ಲಿ ರಾಷ್ಟ್ರೀಯ ಆಯೋಗವೊಂದು ಎದೆ ಬಡಿದುಕೊಂಡಿತು. ಅದು ಬರೆದುಕೊಟ್ಟ ಚೀಟಿ: ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಮೂರು, ಸಮಾಜ ವಿಜ್ಞಾನ ಮೂರು, ಕಂಪ್ಯೂಟರ್ ಅರ್ಧ. ಮಕ್ಕಳು ಕಲಿಯುತ್ತಿಲ್ಲವೇ? ಹಾಗಾದರೆ ಇನ್ನಷ್ಟು ಹೊತ್ತು ಕೂರಿಸಿ.

ಅಮೆರಿಕದ ಸಂವಿಧಾನ ಶಿಕ್ಷಣದ ಬಗ್ಗೆ ತುಟಿ ಬಿಚ್ಚಿಲ್ಲ. ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ಗೀಳು. ಮೇರಿಲ್ಯಾಂಡಿನಲ್ಲಿ 75 ಗಂಟೆ ಸಮಾಜಸೇವೆ ಮಾಡದವರಿಗೆ ಡಿಪ್ಲೊಮಾ ಇಲ್ಲ. ಹೃದಯದಿಂದ ತಾನಾಗಿ ಉಕ್ಕಬೇಕಾದ ಕರುಣೆ ಅಲ್ಲಿ ಎಪ್ಪತ್ತೈದನೆಯ ಗಂಟೆಗೆ ಸರಿಯಾಗಿ ನಿಲ್ಲುತ್ತದೆ. ಫ್ಲಾರಿಡಾದಲ್ಲಿ ಮಾರ್ಚಿಂಗ್ ಬ್ಯಾಂಡಿನಲ್ಲಿ ಅರ್ಧ ವರ್ಷ ತುತ್ತೂರಿ ಊದಿದರೆ ಅರ್ಧ ಕ್ರೆಡಿಟ್ ವ್ಯಾಯಾಮ ಮುಗಿದಂತೆ. ಷಿಕಾಗೊ ನಗರ 2020ರಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳಿಂದ ಮೊದಲುಗೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀಯೆಂದು ಪುರಾವೆ ಸಮೇತ ತೋರಿಸದಿದ್ದರೆ ಶಾಲೆ ಬಿಡುವಂತಿಲ್ಲ. ಮುಂದೇನು ಎಂದು ತಿಳಿಯದ ಹದಿನೆಂಟರ ಹುಡುಗನನ್ನು ಹೀಗೆ ಅಪರೂಪದ ಪ್ರಾಣಿ ಮಾಡಿಬಿಟ್ಟರು. ಆ ಯೋಜನೆಯನ್ನು ರೂಪಿಸಿದ ದೊಡ್ಡವರ ಹತ್ತಿರ ಅಂಥ ಪುರಾವೆ ಕೇಳಿದ್ದರೆ ಎಷ್ಟು ಮಂದಿ ಕೊಡುತ್ತಿದ್ದರೋ.

ಲೂಯಿಸಿಯಾನ, ಕಾಲೇಜು ಧನಸಹಾಯದ ಕೇಂದ್ರ ಸರ್ಕಾರಿ ಅರ್ಜಿಯನ್ನು ತುಂಬುವುದನ್ನೇ 2018ರಲ್ಲಿ ಡಿಪ್ಲೊಮಾಕ್ಕೆ ಷರತ್ತು ಮಾಡಿತು. ಬೇಡ ಎನ್ನುವವರು ಬೇಡವೆಂದು ಬರೆದುಕೊಡಲು ಇನ್ನೊಂದು ಅರ್ಜಿ ತುಂಬಬೇಕಿತ್ತು. ಉಳಿದ ಕೆಲವು ರಾಜ್ಯಗಳು ಇದನ್ನು ನೋಡಿ ಮಾಡಿಕೊಂಡವು. 2023ರಲ್ಲಿ ಕೇಂದ್ರ ಸರ್ಕಾರ ಆ ಅರ್ಜಿಯನ್ನು ಸರಳಗೊಳಿಸಲು ಹೊರಟಿತು. ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ಅರ್ಜಿ ಡಿಸೆಂಬರ್ ಕೊನೆಗೆ ಕುಂಟುತ್ತಾ ತೆರೆದುಕೊಂಡಿತು. ಮರುವರ್ಷವೇ ಲೂಯಿಸಿಯಾನ ತನ್ನ ಷರತ್ತನ್ನು ಕೈಬಿಟ್ಟಿತು. ಪಾಸಾಗಬೇಕಿದ್ದ ಅರ್ಜಿಯೇ ನಪಾಸಾದ ಪ್ರಸಂಗ ಇದೊಂದೇ ಇರಬೇಕು.

ಆದರೆ ನನ್ನ ಮನಸ್ಸು ಗೆದ್ದದ್ದು ಅರಿಜೋನ. ಪೌರತ್ವ ಬೇಡುವ ವಲಸಿಗರಿಗೆಂದು ಮಾಡಿದ ನೂರು ಪ್ರಶ್ನೆಗಳ ಪಟ್ಟಿಯಲ್ಲಿ ಪಾಸಾದವರಿಗೆ ಮಾತ್ರ ಹೈಸ್ಕೂಲು ಡಿಪ್ಲೊಮಾ ಎಂದು 2015ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಅದು. ಹಲವು ರಾಜ್ಯಗಳು ಅದನ್ನು ಹಿಂಬಾಲಿಸಿದವು. ಈಗ ಅಲ್ಲಿಯ ಒಂದು ಕನ್ನಡದ ಮನೆಯನ್ನು ನೆನೆದುಕೊಳ್ಳಿ. ಅಪ್ಪ ಕೆಲಸದ ವೀಸಾದ ಮೇಲಿದ್ದಾರೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ದಶಕಗಳಷ್ಟು ಉದ್ದ. ಆ ಕಾರ್ಡ್ ಸಿಕ್ಕಿ ವರ್ಷಗಳು ಕಳೆದ ಮೇಲೆ ಪೌರತ್ವದ ಮಾತು. ಮಗಳು ಅದೇ ವೀಸಾದ ನೆರಳಲ್ಲಿ ಬಂದವಳು. ಸೆನೆಟರುಗಳ ಅವಧಿ ಎಷ್ಟು, ನ್ಯಾಯಾಂಗ ಏನು ಮಾಡುತ್ತದೆ ಎಂದು ಅಪ್ಪನೇ ಅವಳಿಗೆ ರಾತ್ರಿ ಕೂತು ಬಾಯಿಪಾಠ ಮಾಡಿಸುತ್ತಾರೆ. ಅವಳು ಪಾಸಾಗುತ್ತಾಳೆ. ಅಮೆರಿಕದ ಪ್ರಜೆಯಾಗಲು ಬೇಕಾದ ತಿಳಿವಳಿಕೆ ಇದೆ ಎಂದು ರಾಜ್ಯವೇ ಒಪ್ಪುತ್ತದೆ. ಇಪ್ಪತ್ತೊಂದು ತುಂಬಿದ ಕೂಡಲೇ ಆ ವೀಸಾ ಕಳೆದುಕೊಂಡು ದೇಶದಲ್ಲಿ ಉಳಿಯಲು ಅವಳು ಬೇರೆ ದಾರಿ ಹುಡುಕಬೇಕು. ಡಿಪ್ಲೊಮಾವನ್ನು ಮಾತ್ರ ಯಾರೂ ವಾಪಸು ಕೇಳುವುದಿಲ್ಲ.

ಪರೀಕ್ಷೆಯ ಕಾಟ ಬೇಡವೆಂದವರೂ ಇದ್ದಾರೆ. ಡಿಪ್ಲೊಮಾಕ್ಕೆ ರಾಜ್ಯದ ಪರೀಕ್ಷೆ ಪಾಸಾಗಬೇಕೆಂಬ ನಿಯಮವನ್ನು ಮ್ಯಾಸಚೂಸೆಟ್ಸಿನ ಮತದಾರರು 2024ರ ನವೆಂಬರಿನಲ್ಲಿ ಕಿತ್ತುಹಾಕಿದರು. ಅದರ ಜಾಗಕ್ಕೆ ಬಂದದ್ದೇನು? ನಿಗದಿಯಾದ ಕೋರ್ಸುಗಳನ್ನು ಸರಿಯಾಗಿ ಮುಗಿಸಿದ್ದಾರೆ ಎಂದು ಸ್ಥಳೀಯ ಶಾಲಾ ಆಡಳಿತ ಬರೆದುಕೊಡುವ ಪತ್ರ. ಸುತ್ತಿ ಬಂದು ಮತ್ತೆ ಬೆಂಚಿನ ಮೇಲೆ.

ಈ ಗಂಟೆಗಳನ್ನು ಲೋಕಕ್ಕೆ ಕೊಟ್ಟ ಕಾರ್ನೆಗಿ ಪ್ರತಿಷ್ಠಾನವೇ ಈಗ ಕೈ ಮುಗಿದು ಇದು ಸಾಕು ಎನ್ನುತ್ತಿದೆ. ಕೂತ ಹೊತ್ತನ್ನು ಅಳೆಯುವುದು ಬಿಟ್ಟು ಕೌಶಲವನ್ನು ಅಳೆಯೋಣ ಎಂದು 2023ರಲ್ಲಿ ಪರೀಕ್ಷೆಗಳ ದೈತ್ಯ ಸಂಸ್ಥೆ ಇಟಿಎಸ್ ಜೊತೆ ಕೈ ಜೋಡಿಸಿತು. ಸಹಕಾರ, ಸಂವಹನ, ವಿಮರ್ಶಾತ್ಮಕ ಚಿಂತನೆ: ಇವನ್ನು ಅಳೆಯುವ ಹೊಸ ಕೋಲುಗಳು ಬರಲಿವೆಯಂತೆ. ಒಳ್ಳೆಯ ಮಾತು. ಆದರೆ ರಾಜ್ಯಗಳ ಸ್ವಭಾವ ಬಲ್ಲವರಿಗೆ ಮುಂದಿನದು ಈಗಲೇ ಕಾಣುತ್ತದೆ. 120 ಕ್ರೆಡಿಟ್ ಹಾಗೆಯೇ ಇರುತ್ತದೆ. ಅದರ ಕೆಳಗೆ ಒಂದು ಸಾಲು ಸೇರುತ್ತದೆ: ಸಹಕಾರ, ಎರಡೂವರೆ ಕ್ರೆಡಿಟ್, ಕಡ್ಡಾಯ. ಅದರಲ್ಲಿ 'ಎ' ಬಂದವರ ಸರಾಸರಿ ಇಳಿಯುತ್ತದೆ. ಇಡೀ ಶಾಲೆಗೆ ಒಂದೇ ತರಗತಿ ಇರುತ್ತದೆ, ಮತ್ತು ಅದು ನಾಲ್ಕನೆಯ ಪೀರಿಯಡ್‌ನಲ್ಲಿ.