ಕೈಗೆ ಬಾಣಂತನ

ಬಾಗಲಕೋಟೆಯ ನವನಗರದಲ್ಲಿ ಅಕ್ಕನ ಮಗನ ಮದುವೆ. ನಾನು ಎಡಗೈಯಲ್ಲಿ ಚಮಚ ಹಿಡಿದು ಗೋಧಿ ಹುಗ್ಗಿ ತಿನ್ನುತ್ತಿದ್ದೆ. ಎದುರು ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ದೂರದ ಸಂಬಂಧದಲ್ಲಿ ಕಾಕಾ ಆಗಬೇಕು, ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಏನೋ ತಮ್ಮಾ, ಇಂಗ್ಲೆಂಡಿಗೆ ಹೋಗಿ ಎಡಗೈಲೆ ಉಣ್ಣೋದು ಕಲತು ಬಂದೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುರುಕ್ ಅಂತು. ಬಲಗೈ ಎತ್ತಿ ತೋರಿಸಿದೆ. ಅಂಗೈ ನಡುವಿನಿಂದ ಕಿರುಬೆರಳ ತನಕ ಅಂಕುಡೊಂಕಾಗಿ ಹೊಲಿಗೆಯ ಗುರುತು, ಇನ್ನೂ ಕೆಂಪಗೆ. ನಗು ನಿಂತಿತು. ಅಲ್ಲಿಂದ ಮುಂದೆ ಆ ಕೈ ನನ್ನದಾಗಿ ಉಳಿಯಲಿಲ್ಲ.

ಕಾಯಿಲೆಯ ಹೆಸರು ಡುಪ್ಯುಟ್ರೆನ್ ಕಾಂಟ್ರಾಕ್ಚರ್. ಅಂಗೈ ಚರ್ಮದ ಕೆಳಗೆ ಒಂದು ಪೊರೆ ಇದೆ. ಅದು ಗಂಟುಗಟ್ಟಿ, ನಿಧಾನಕ್ಕೆ ಹುರಿಯ ಹಾಗೆ ಬಿಗಿದು, ಬೆರಳನ್ನು ಅಂಗೈ ಕಡೆಗೆ ಎಳೆದುಕೊಳ್ಳುತ್ತದೆ. ಜಾಸ್ತಿ ಸಿಕ್ಕಿಬೀಳೋದು ಉಂಗುರ ಬೆರಳು ಮತ್ತು ಕಿರುಬೆರಳು. ನೋವು ಅಷ್ಟಾಗಿ ಇರುವುದಿಲ್ಲ, ಅದಕ್ಕೇ ಜನ ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಪ್ಯಾರಿಸ್ಸಿನ ಸರ್ಜನ್ ಡುಪ್ಯುಟ್ರೆನ್ 1831ರಲ್ಲಿ ಒಬ್ಬ ವೈನ್ ವ್ಯಾಪಾರಿಯ ಕೈ ಕೊಯ್ದು ಬೆರಳು ಬಿಡಿಸಿದ. ಅವನ ಹೆಸರೇ ಕಾಯಿಲೆಗೆ ನಿಂತಿತು. ಉತ್ತರ ಯುರೋಪಿನವರಿಗೆ ಇದು ಹೆಚ್ಚು, ನಮ್ಮವರಿಗೆ ಕಡಿಮೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಬರುವ ಸಾಧ್ಯತೆ ಜಾಸ್ತಿ, ಅದು ನನಗಿದೆ. ಮಾರ್ಗರೆಟ್ ಥ್ಯಾಚರ್ ಕೂಡ ಪ್ರಧಾನಿಯಾಗಿದ್ದಾಗಲೇ, 1986ರಲ್ಲಿ, ಇದಕ್ಕೆ ಆಪರೇಷನ್ ಮಾಡಿಸಿಕೊಂಡಿದ್ದರು ಅಂತ ಅವ್ವನಿಗೆ ಹೇಳಿದೆ. "ದೊಡ್ಡವರ ರೋಗ ನಿನಗ್ಯಾಕ ಬೇಕಿತ್ತು?" ಅಂದಳು.

ನಿಜ ಹೇಳಬೇಕೆಂದರೆ ಮೊದಲು ಕಂಡುಹಿಡಿದವಳು ಅವ್ವನೇ. ನಾನಿರುವ ಲೀಡ್ಸ್‌ನಲ್ಲಿ ದಿನಾ ಎಷ್ಟೋ ಜನರ ಕೈ ಕುಲುಕುತ್ತೇನೆ. ಮಡಚಿದ ಬೆರಳು ಅವರ ಅಂಗೈಗೆ ಚುಚ್ಚುತ್ತಿತ್ತೋ ಏನೋ, ಒಬ್ಬರೂ ತುಟಿ ಬಿಚ್ಚಲಿಲ್ಲ. ಹಿಂದಿನ ಸಲ ಊರಿಗೆ ಬಂದಾಗ ಮನೆಗೆ ಬಂದವರಿಗೆ ನಮಸ್ಕಾರ ಮಾಡಿದೆ. ಅಂಗೈಗಳು ಕೂಡಲಿಲ್ಲ, ನಡುವೆ ಸಂದು. "ನೆಟ್ಟಗ ಕೈ ಮುಗಿಯೋ" ಅಂತ ಅವ್ವ ಗದರಿದಳು. ಲೀಡ್ಸ್‌ನ ಸರ್ಜನ್ ಆಮೇಲೆ ಮಾಡಿದ್ದೂ ಇದೇ ಪರೀಕ್ಷೆ. ಅಂಗೈಯನ್ನು ಟೇಬಲ್ ಮೇಲೆ ಊರಲು ಹೇಳಿದರು. ಪೂರ್ತಿ ಊರಿದರೆ ಕಾಯಬಹುದು, ಊರದಿದ್ದರೆ ಆಪರೇಷನ್ ಬಗ್ಗೆ ಮಾತಾಡಬೇಕು. ನನ್ನದು ಊರಲಿಲ್ಲ.

ಭುಜದ ಹತ್ತಿರ ಇಂಜೆಕ್ಷನ್ ಕೊಟ್ಟು ತೋಳನ್ನಷ್ಟೇ ಜೋಮು ಮಾಡಿದರು. ಎಚ್ಚರವಾಗಿಯೇ ಇದ್ದೆ. ಪರದೆಯ ಆ ಕಡೆ ನನ್ನ ಕೈಯಲ್ಲಿ ಕೆಲಸ ನಡೆಯುತ್ತಿತ್ತು, ಈ ಕಡೆ ನರ್ಸ್ ಜೊತೆ ನಾನು ಮಳೆಯ ಬಗ್ಗೆ ಮಾತಾಡುತ್ತಿದ್ದೆ. ಸಂಜೆಗೆ ಮನೆ. ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಾವು ಬರುತ್ತದೆ ಅಂದರು. ಅಷ್ಟೇ.

ನಾಲ್ಕೈದು ದಿನಕ್ಕೆ ಹ್ಯಾಂಡ್ ಥೆರಪಿಸ್ಟ್ ಹತ್ತಿರ ಹೋದೆ. ಕೈಗೆಂದೇ ಬೇರೆ ಥೆರಪಿಸ್ಟ್ ಇರುತ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನನ್ನ ಮಗಳ ವಯಸ್ಸಿನ ಹುಡುಗಿ. ಬಿಳಿ ಪ್ಲಾಸ್ಟಿಕ್ ಹಾಳೆಯೊಂದನ್ನು ಕತ್ತರಿಸಿ ಬಿಸಿನೀರಿನ ತಟ್ಟೆಗೆ ಹಾಕಿದಳು. ಅದು ಮೆತ್ತಗಾಯಿತು. ತೆಗೆದು ಒರೆಸಿ, ತನ್ನ ಮುಂಗೈ ಮೇಲಿಟ್ಟು ಬಿಸಿ ಎಷ್ಟಿದೆ ಅಂತ ನೋಡಿ, ನನ್ನ ಬೆರಳುಗಳನ್ನು ಚಾಚಿಸಿ ಕೈಗೆ ಒತ್ತಿದಳು. ಎರಡು ನಿಮಿಷಕ್ಕೆ ಹಾಗೇ ಗಟ್ಟಿಯಾಯಿತು. ಪಟ್ಟಿ ಅಂಟಿಸಿ ಕೊಟ್ಟಳು. ರಾತ್ರಿ ಇದನ್ನು ಕಟ್ಟಿಕೊಂಡು ಮಲಗಬೇಕು, ಕೆಲವು ತಿಂಗಳು. ಹಗಲು ಗಂಟೆಗೊಮ್ಮೆ ವ್ಯಾಯಾಮ: ಬೆರಳನ್ನು ಕೊಕ್ಕೆ ಮಾಡು, ಮುಷ್ಟಿ ಕಟ್ಟು, ಪೂರ್ತಿ ಚಾಚು. ಗಾಯ ಮುಚ್ಚಿದ ಮೇಲೆ ಗುರುತಿಗೆ ಕ್ರೀಮ್ ಹಚ್ಚಿ ಒತ್ತಿ ತೀಡು. ಹೊರಡುವಾಗ ಆಕೆ ಹೇಳಿದ್ದರ ತಾತ್ಪರ್ಯ ಇಷ್ಟು: ಈ ಕೈಯನ್ನು ನಾನು ನೋಡೋದು ವಾರಕ್ಕೆ ಅರ್ಧ ಗಂಟೆ, ಉಳಿದ ಹೊತ್ತೆಲ್ಲ ನಿಮ್ಮದೇ ಜವಾಬ್ದಾರಿ.

ಅದು ನನಗೆ ಬಹಳ ಹಿಡಿಸಿತು. ಪಾಪ ಅನ್ನಲಿಲ್ಲ, ಹೆದರಿಸಲಿಲ್ಲ. ಚಹಾ ಮಾಡಿಕೊಳ್ಳಿ, ಪಾತ್ರೆ ಒರೆಸಿ, ಹಗುರಾದ ಕೆಲಸಕ್ಕೆ ಈ ಕೈಯನ್ನೇ ಬಳಸಿ ಅಂದಳು.

ಇನ್ನು ಬಾಗಲಕೋಟೆ. ಮದುವೆಯ ಮರುದಿನದಿಂದ ನನಗೆ ಅಕ್ಷರಶಃ ಬಾಣಂತನ ಶುರುವಾಯಿತು. ಫ್ಯಾನ್ ಬಂದ್, ಕೈಗೆ ಗಾಳಿ ಸೋಕಬಾರದಂತೆ. ಗುಳೇದಗುಡ್ಡದ ಚಿಗವ್ವ ಅಂಟಿನುಂಡಿ ಕಟ್ಟಿಕೊಂಡು ಬಂದಳು. ಸಕ್ಕರೆ ಕಾಯಿಲೆ ಅಂದರೆ "ಬೆಲ್ಲದ್ದು ಮಾಡೀನಿ, ಏನೂ ಆಗಂಗಿಲ್ಲ" ಅಂದಳು. ಬದನೆಕಾಯಿ ನಂಜು ಅಂತ ಎಣ್ಣೆಗಾಯಿ ಬಂದ್. ಎಣ್ಣೆಗಾಯಿಗೋಸ್ಕರವೇ ವಿಮಾನ ಹತ್ತಿ ಬಂದವನ ಎದುರೇ ಉಳಿದವರೆಲ್ಲ ಅದನ್ನು ಬಡಿದರು. ನಾನು ರೊಟ್ಟಿ ಮುರಿಯಲು ಕೈ ಹಾಕಿದರೆ ಅಕ್ಕ ತಾಟು ಕಸಿದುಕೊಂಡು ತಾನೇ ಮುರಿದು, ಪಲ್ಯ ಕಲಸಿ ಕೊಡುತ್ತಿದ್ದಳು. ಜೋಳದ ರೊಟ್ಟಿ ಮುರಿಯೋದಕ್ಕಿಂತ ಒಳ್ಳೆ ವ್ಯಾಯಾಮ ಆ ಬೆರಳಿಗೆ ಇನ್ನೇನಿದೆ ಹೇಳಿ? ನೀರಿನ ತಂಬಿಗೆ ಎತ್ತುವ ಹಾಗಿಲ್ಲ. ಅಂಗಿ ಗುಂಡಿ ಹಾಕಲು ಅಳಿಯ ನಿಂತಿರುತ್ತಿದ್ದ. "ಕೈ ಸುಮ್ನ ಇಡು, ಅಳ್ಳಾಡಸಬ್ಯಾಡ." ಮನೆ ತುಂಬ ಇದೇ ಮಂತ್ರ.

ನೋಡಲು ಬರುವವರದು ಇನ್ನೊಂದು ಕಥೆ. ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ ಹಿಡಿದು ಬರುವುದು, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುವುದು, ಗುರುತನ್ನು ಒತ್ತುವುದು, ವಾಯು ಅಂತಲೋ ಕಣ್ಣು ತಾಗಿದ್ದು ಅಂತಲೋ ತೀರ್ಪು ಕೊಡುವುದು. ಅದೇ ದಿನ ಮನೆಗೆ ಕಳಿಸಿಬಿಟ್ಟರು ಅಂತ ಕೇಳಿ ಒಬ್ಬರು ಕಣ್ಣೀರೇ ಹಾಕಿದರು. "ಪರದೇಶದಾಗ ಯಾರೂ ಇಲ್ಲ ನೋಡ್ರಿ, ಹೊರಗ ಹಾಕಿಬಿಟ್ರು." ಎಲುಬು ಕೂಡಿಸುವವರೊಬ್ಬರಿದ್ದಾರೆ, ಒಂದೇ ಸಲ ಜಗ್ಗಿ ನೆಟ್ಟಗೆ ಮಾಡುತ್ತಾರೆ ಅಂತ ಗಾಡಿ ತೆಗೆಯಲೂ ತಯಾರಾದರು. ಅದಕ್ಕೆ ಮಾತ್ರ ನಾನು ಜಗಳವನ್ನೇ ಆಡಿದೆ.

ನನ್ನ ಸಿಟ್ಟು ಇಲ್ಲೇ ಇದೆ. ನಮ್ಮಲ್ಲಿ ಪ್ರೀತಿ ಅಂದರೆ ಕೆಲಸ ಕಸಿದುಕೊಳ್ಳುವುದು. ಬೇರೆ ಕಾಯಿಲೆಗೆ ಅದು ಸರಿ ಇರಬಹುದು. ಕೈ ವಿಷಯದಲ್ಲಿ ಅದು ದ್ರೋಹ. ಅಳ್ಳಾಡಿಸದೆ ಬಿಟ್ಟರೆ ಬೆರಳಿನ ಕೀಲುಗಳು ಬೇಗ ಬಿಗಿಯುತ್ತವೆ, ಗುರುತು ಗಟ್ಟಿಯಾಗಿ ಬೆರಳನ್ನು ಮತ್ತೆ ಎಳೆಯತೊಡಗುತ್ತದೆ. ಸರ್ಜನ್ ಬಿಡಿಸಿಕೊಟ್ಟದ್ದನ್ನು ಮನೆಯವರು ಮಡಚಿ ಕೊಟ್ಟ ಹಾಗೆ. ನಮ್ಮ ಓಣಿಯಲ್ಲೇ ಒಬ್ಬ ವೈನಿ ಇದ್ದಾರೆ. ಬಿದ್ದು ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಫಿಸಿಯೋಥೆರಪಿ ಬರೆದುಕೊಟ್ಟಿದ್ದರು. ಒಂದೆರಡು ಸಲ ಹೋದರು. "ಬರೇ ಬೆರಳು ಅಳ್ಳಾಡಸ್ತಾರ, ಅದಕ್ಯಾಕ ರೊಕ್ಕ?" ಅಂತ ಮನೆಯವರು ಬಿಡಿಸಿದರು. ಸೊಸೆಯಂದಿರು ಚಿನ್ನದಂಥವರು, ಅತ್ತೆಗೆ ಒಂದು ಲೋಟ ಎತ್ತಲೂ ಬಿಡಲಿಲ್ಲ. ಈಗ ಆ ವೈನಿಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಊರಲ್ಲಿ ಮೆಡಿಕಲ್ ಕಾಲೇಜಿದೆ, ಡಾಕ್ಟರಿದ್ದಾರೆ, ಫಿಸಿಯೋಗಳಿದ್ದಾರೆ. ಯಾರ ಕೊರತೆಯೂ ಇಲ್ಲ. ಕೊಯ್ಯುವುದಕ್ಕೆ ಲಕ್ಷ ಖರ್ಚು ಮಾಡುವ ನಾವು ಆಮೇಲಿನ ವ್ಯಾಯಾಮವನ್ನು ಲೆಕ್ಕಕ್ಕೇ ಇಡುವುದಿಲ್ಲ.

ಆದರೂ ಲೀಡ್ಸನ್ನು ಸುಮ್ನೆ ಹೊಗಳಿ ಮುಗಿಸಿದರೆ ಅವ್ವ ಓದಿ ಬೈದಾಳು. ಅಲ್ಲಿ ಈ ಆಪರೇಷನ್ನಿಗೆ ತಿಂಗಳುಗಟ್ಟಲೆ ಸರದಿ ಕಾದೆ, ಅಷ್ಟರಲ್ಲಿ ಬೆರಳು ಇನ್ನಷ್ಟು ಬಗ್ಗಿತು. ಬಾಗಲಕೋಟೆಯಲ್ಲಿ ಬೆಳಗ್ಗೆ ಚೀಟಿ ಮಾಡಿಸಿದರೆ ಸಂಜೆಯೊಳಗೆ ಡಾಕ್ಟರ ಮುಂದೆ ಕೂತಿರುತ್ತೇನೆ. ಮೊದಲ ವಾರವಂತೂ ನೆನೆಸಿಕೊಳ್ಳಲು ಮನಸ್ಸಿಲ್ಲ. ಮಗಳು ಬೇರೆ ಊರಲ್ಲಿ, ಹೆಂಡತಿಗೆ ರಾತ್ರಿ ಪಾಳಿ. ಒಂದೇ ಕೈಯಲ್ಲಿ ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ಹಲ್ಲಲ್ಲಿ ಕಚ್ಚಿ ಹಿಡಿದೆ. ಗುಂಡಿ ಹಾಕಲಾಗದೆ ಸ್ವೆಟರ್ ಮೇಲೇ ದಿನ ಕಳೆದೆ. ಪಕ್ಕದ ಮನೆಯವರು ಕಾರ್ಡೊಂದನ್ನು ಬಾಗಿಲ ಸಂದಿಯಲ್ಲಿ ಹಾಕಿ ಹೋಗಿದ್ದರು. ಬೆಲ್ ಒತ್ತಿರಲಿಲ್ಲ. ತೊಂದರೆ ಕೊಡಬಾರದು ಅಂತ ಅವರ ಲೆಕ್ಕ. ಆಗ ಯಾರಾದರೂ ಬಂದು ತೊಂದರೆ ಕೊಟ್ಟಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಇನ್ನೊಂದು ಮಾತು, ಒಪ್ಪಲು ಮನಸ್ಸಿಲ್ಲದೆ ಹೇಳುತ್ತಿದ್ದೇನೆ. ಥೆರಪಿಸ್ಟ್ ನನ್ನ ಫೈಲು ಮುಚ್ಚಿದ್ದಾಳೆ. ಕಿರುಬೆರಳು ಪೂರ್ತಿ ನೆಟ್ಟಗಾಗಿಲ್ಲ, ಆದರೆ ಕೈ ಕೆಲಸಕ್ಕೆ ಬರುತ್ತಿದೆ. ಈ ಕಾಯಿಲೆ ಮತ್ತೆ ಮರುಕಳಿಸಬಹುದು, ಗಮನವಿರಲಿ ಅಂತ ಹೇಳಿ ಕಳಿಸಿದಳು. ಈಗ ಲೀಡ್ಸ್‌ನಲ್ಲಿ ನನ್ನ ಕೈಯನ್ನು ಕೇಳುವವರು ಯಾರೂ ಇಲ್ಲ. ಊರಿಂದ ಭಾನುವಾರ ವಿಡಿಯೋ ಕಾಲ್ ಬರುತ್ತದೆ. ಪಂಕ್ತಿಯಲ್ಲಿ ನನ್ನ ಮಾನ ತೆಗೆದಿದ್ದ ಆ ಕಾಕಾ ಅವತ್ತು ಅಕ್ಕನ ಮನೆಗೇ ಬಂದು ಕೂತಿರುತ್ತಾರೆ. ಹೇಗಿದ್ದೀಯಾ ಅನ್ನೋದೂ ಇಲ್ಲ. "ಎಲ್ಲಿ, ಚಾಚು ನೋಡೂಣು" ಅನ್ನುತ್ತಾರೆ. ಚಾಚುತ್ತೇನೆ. "ಹೋದ ವಾರಕ್ಕಿಂತ ಬಗ್ಗೈತಿ, ಇನ್ನೊಮ್ಮೆ." ಇನ್ನೊಮ್ಮೆ ಚಾಚುತ್ತೇನೆ. ಅವರಿಗೆ ಸಮಾಧಾನ ಆಗುವ ತನಕ ಫೋನ್ ಅಕ್ಕನ ಕೈಗೆ ಹೋಗುವುದಿಲ್ಲ.