ಹಾಕ್ಕೊಳ್ದಿದ್ರೆ ಬೆಲ್ಟು ಕೆಡಲ್ಲ ಸಾರ್

ನಮ್ ಕಾರು 2007ರದ್ದು. ಕಂಪನಿ ಹೆಸ್ರು ಬೇಡ ಬಿಡಿ, ಈ ವಯಸ್ಸಲ್ಲಿ ಅದರ ಮಾನ ಯಾಕೆ ತೆಗೀಬೇಕು. ಎಸಿ ಹಾಕಿದ್ರೆ ಫ್ಲೈಓವರ್ ಹತ್ತಲ್ಲ, ಫ್ಲೈಓವರ್ ಹತ್ಬೇಕು ಅಂದ್ರೆ ಎಸಿ ಆಫ್ ಮಾಡ್ಬೇಕು, ಅಷ್ಟು ಬಿಟ್ರೆ ಚಿನ್ನದಂಥ ಗಾಡಿ. ಮೂರ್ ತಿಂಗಳ ಹಿಂದೆ ಡ್ರೈವರ್ ಕಡೆ ಸೀಟ್ ಬೆಲ್ಟು ಕೈ ಕೊಡ್ತು. ಎಳೆದ್ರೆ ಬರುತ್ತೆ, ಬಿಟ್ರೆ ವಾಪಸ್ ಹೋಗಲ್ಲ (ವಾಪಸ್ ಸುತ್ಕೊಳ್ಳೋ ಆ ಸ್ಪ್ರಿಂಗ್ ಡಬ್ಬಿಗೆ ರಿಟ್ರ್ಯಾಕ್ಟರ್ ಅಂತಾರೆ), ಬೇಸಿಗೆ ರಜಕ್ಕೆ ಬಂದ ನೆಂಟರ ಥರ ಅಲ್ಲೇ ಬಿದ್ಕೊಂಡಿರುತ್ತೆ, ಬಾಗ್ಲಿಗೆ ಸಿಕ್ಕಾಕ್ಕೊಂಡು ರಿಂಗ್ ರೋಡನ್ನೆಲ್ಲ ಒರೆಸ್ಕೊಂಡು ಬರುತ್ತೆ. ಸಾಲ್ದು ಅಂತ ಬಕಲ್ಲಲ್ಲಿ ಟಕ್ ಅನ್ನೋ ಸದ್ದೂ ನಿಂತೋಯ್ತು. ತೂರಿಸಿದ್ರೆ ಅರ್ಧ ನಿಮಿಷ ಕೂತಿದ್ದು ತಾನೇ ಎದ್ದು ಬರುತ್ತೆ.

ಸರಿ, ರಿಪೇರಿ ಮಾಡಿಸೋಣ ಅಂತ ನಮ್ ಗ್ಯಾರೇಜ್ ಅಣ್ಣನ ಹತ್ರ ಹೋದೆ. "ಅಣ್ಣ, ಬೆಲ್ಟು ಹೋಗಿದೆ" ಅಂದೆ, ಅಷ್ಟೇ, ಬಾನೆಟ್ ಎತ್ತೇ ಬಿಟ್ಟ. ಟಾರ್ಚ್ ಹಾಕಿ ನೋಡಿ "ಫ್ಯಾನ್ ಬೆಲ್ಟ್ ಚೆನ್ನಾಗೇ ಐತಲ್ಲ ಸಾರ್" ಅಂದ. ಅಲ್ಲಪ್ಪ, ಸೀಟ್ ಬೆಲ್ಟು ಅಂದೆ. ಮೂವತ್ತು ವರ್ಷದ ಸರ್ವಿಸಲ್ಲಿ ಇಂಥ ಕಂಪ್ಲೇಂಟು ಯಾರೂ ತಂದಿರ್ಲಿಲ್ಲ ಅನ್ಸುತ್ತೆ, ನನ್ನ ಮುಖಾನೇ ನೋಡ್ದ. ಆಮೇಲೆ ಸಮಾಧಾನವಾಗಿ "ಅದ್ಯಾಕ್ ಸಾರ್ ಟೆನ್ಶನ್, ಪೊಲೀಸ್ ಕಂಡಾಗ ಹಿಂಗೆ ಎಳ್ಕಂಡು ತೊಡೆ ಕೆಳಗೆ ಸಿಗಿಸ್ಕಳಿ" ಅಂತ ಡೆಮೋ ಕೊಟ್ಟ. ದುಡ್ಡು ತಗೊಳ್ಳಿಲ್ಲ, ಅಷ್ಟು ಹೇಳ್ಬೇಕು.

ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಕಾಫಿ ಕೊಟ್ರು, ಸೋಫಾ ಕೊಟ್ರು, ಟ್ಯಾಬ್ ಹಿಡ್ಕೊಂಡ ಹುಡುಗ ಬಂದು "ಸೇಫ್ಟಿ ಐಟಂ ಸರ್, ರಿಪೇರಿ ಮಾಡಂಗಿಲ್ಲ, ಫುಲ್ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು" ಅಂದ. ಮಾಡಪ್ಪ ಅಂದೆ. "ಅಸೆಂಬ್ಲಿ ಬರ್ತಿಲ್ಲ ಸರ್, ಸ್ಟಾಪ್ ಆಗಿದೆ." ಅಸೆಂಬ್ಲಿ ಅಂದ್ಮೇಲೆ ಅದು ನಡೆಯೋದಕ್ಕಿಂತ ನಿಲ್ಲೋದೇ ಜಾಸ್ತಿ, ವಿಧಾನಸೌಧದ ಊರಲ್ಲಿದ್ದೂ ನನಗದು ಹೊಳೀಬೇಕಿತ್ತು. ಮುಂದಿನ ಮಾತು ಅವನು ನಗ್ತಾ ಹೇಳ್ದ: ಎಕ್ಸ್‌ಚೇಂಜ್ ಆಫರ್ ಇದೆಯಂತೆ, ಹಳೇದು ಕೊಟ್ಟು ಹೊಸದು ತಗೊಂಡ್ರೆ ಆರು ಏರ್‌ಬ್ಯಾಗ್ ಬರುತ್ತಂತೆ. ಚಪ್ಪಲಿ ಉಂಗುಷ್ಟ ಹೊಲಿಸೋಕೆ ಹೋದೋನಿಗೆ ಹೊಸ ಕಾಲು ತಗೊಳ್ಳಿ, ಇಎಂಐ ಇದೆ ಅಂದಂಗಾಯ್ತು.

ಅಲ್ಲಿಂದ ಜೆ.ಸಿ. ರೋಡು. ಕಾರಿಗೆ ಅಂತ ಮನುಷ್ಯ ಏನೇನು ಕಲ್ಪಿಸ್ಕೊಳ್ಬಹುದೋ ಎಲ್ಲಾ ಅಲ್ಲಿ ಸಿಗುತ್ತೆ, ಬೆಲ್ಟ್ ಒಂದು ಬಿಟ್ಟು. "ಬೆಲ್ಟ್ ಇಲ್ಲ ಸಾರ್, ಕ್ಲಿಪ್ ಐತೆ" ಅಂತ ಹುಡುಗ ಒಂದು ತೆಗೆದಿಟ್ಟ. ಹೊಳೆಯೋ ಕಬ್ಬಿಣದ ನಾಲಿಗೆ, ಮೇಲೆ ಕಾರ್ ಕಂಪನಿ ಲೋಗೋ ಬೇರೆ. ಇದನ್ನ ಬಕಲ್ ಬಾಯಿಗೆ ತುರುಕಿದ್ರೆ ಕಾರು ಪಾಪ ಯಜಮಾನ್ರು ಬೆಲ್ಟ್ ಹಾಕ್ಕೊಂಡ್ರು ಅಂತ ನಂಬಿ ಬೀಪ್ ನಿಲ್ಸುತ್ತೆ. 2019ರ ಜುಲೈ 1ರಿಂದ ಹೊಸ ಕಾರಿಗೆಲ್ಲ ಆ ಬೀಪು ಕಡ್ಡಾಯ ಮಾಡಿದ್ದು ಸರ್ಕಾರ, ಅದರ ಬಾಯಿ ಮುಚ್ಚಿಸೋಕೆ ಜನ ಕಂಡ್ಕೊಂಡಿದ್ದು ಈ ಕ್ಲಿಪ್ಪು. 2023ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರದವ್ರು ಐದು ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೊಟ್ಟು 13,118 ಲಿಸ್ಟಿಂಗ್ ತೆಗೆಸಿದ್ರು. ಯೋಚ್ನೆ ಮಾಡಿ, ಬೆಲ್ಟ್ ಹಾಕ್ಕೊಳ್ದೇ ಇರೋಕೆ ಹದಿಮೂರು ಸಾವಿರ ಥರದ ಆಯ್ಕೆ, ಹಾಕ್ಕೊಳ್ಳೋಕೆ ಹೋದ ನನಗೆ ಒಂದೂ ಇಲ್ಲ! ನಮ್ ಕಾರಲ್ಲಿ ಬೀಪೇ ಇಲ್ವಲ್ಲ ಮರಿ ಅಂದೆ. "ಇರ್ಲಿ ಸಾರ್, ಹಾಕ್ಸಿ, ಲುಕ್ ಬರ್ತದೆ."

ಕೊನೆಗೆ ಶಿವಾಜಿನಗರದ ಗುಜರಿ. ಅಲ್ಲಿ ಬೆಲ್ಟ್ ಇತ್ತು, ಒಂದಲ್ಲ, ಹಾವಿನ ರಾಶಿ ಥರ ಸುತ್ತಿಟ್ಟಿದ್ರು. ನಮ್ ಮಾಡೆಲ್ದೇ ಒಂದು ತೆಗೆದುಕೊಟ್ರು, ಬಿಗಿಯಾಗಿ ಎಳೀತಿದೆ, ಗಡಕ್ಕನೆ ಲಾಕ್ ಆಗ್ತಿದೆ. ಸೂಪರ್ ಅನ್ನಿಸ್ತು. ಆದ್ರೂ ಒಂದ್ ಸಲ ಆಕ್ಸಿಡೆಂಟಲ್ಲಿ ಮನುಷ್ಯನ ಭಾರ ತಡೆದ ಬೆಲ್ಟನ್ನ ಮತ್ತೆ ಬಳಸಬಾರದು, ಅದರ ನೂಲು ಹಿಗ್ಗಿರುತ್ತೆ, ಅದಕ್ಕೇ ಕೇಳ್ದೆ.

"ಈ ಕಾರು ಆಕ್ಸಿಡೆಂಟ್ ಆಗಿದ್ದಾ ಭಾಯ್?"

"ಹೌದು ಸಾರ್, ಮುಂದ್ಗಡೆ ಫುಲ್ ಪಚ್ಚಡಿ."

"ಮತ್ತೆ ಬೆಲ್ಟ್ ಇಷ್ಟು ಹೊಸದಿದ್ದಂಗಿದೆ?"

"ಅವ್ರು ಹಾಕ್ಕೊಂಡಿರ್ಲಿಲ್ಲ ಸಾರ್. ಹಾಕ್ಕೊಳ್ದಿದ್ರೆ ಬೆಲ್ಟು ಕೆಡಲ್ಲ."

ಆ ಮನುಷ್ಯ ವ್ಯಾಪಾರದ ಮಾತಾಡಿದ್ದು, ತಮಾಷೆ ಮಾಡ್ಲಿಲ್ಲ. 2022ರಲ್ಲಿ ನಮ್ ದೇಶದಲ್ಲಿ ಬೆಲ್ಟ್ ಹಾಕ್ದೆ ಸತ್ತೋರು 16,715 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದೀಲೇ ಇದೆ. ಗುಜರೀಲಿ ಹೊಸದರಂಗಿರೋ ಬೆಲ್ಟಿಗೆ ಬರ ಬರೋ ಲಕ್ಷಣ ಇಲ್ಲ. ನಾನು ತಗೊಳ್ಳಿಲ್ಲ, ಕೈ ಬರ್ಲಿಲ್ಲ.

ಅದೇ 2022ರಲ್ಲಿ ನಮ್ ಕಾರಿಗೂ ಹದಿನೈದು ತುಂಬಿತ್ತು. ಆರ್‌ಸಿ ರಿನ್ಯೂವಲ್‌ಗೆ ಅಂತ ಐದು ಸಾವಿರ ಕಟ್ಟಿ ಗಾಡಿ ತೋರಿಸ್ಕೊಂಡು ಬಂದಿದ್ದೆ. ಹಾರ್ನ್ ಹೊಡೀರಿ ಅಂದ್ರು, ಹೊಡ್ದೆ. ಇಂಡಿಕೇಟರ್ ಅಂದ್ರು, ಹಾಕ್ದೆ. ಚಾಸಿ ನಂಬರ್ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡ್ರು. ಬೆಲ್ಟ್ ಕಡೆ ಒಬ್ರೂ ತಿರುಗಿ ನೋಡ್ಲಿಲ್ಲ, ಐದು ವರ್ಷ ಫಿಟ್ ಅಂತ ಬರೆದುಕೊಟ್ರು. ಆದ್ರೆ ಬೆಲ್ಟ್ ಬಗ್ಗೆ ಸರ್ಕಾರಕ್ಕೆ ಕಾಳಜಿ ಇಲ್ಲ ಅಂದ್ರೆ ಪಾಪ ಬರುತ್ತೆ. 2019ರಲ್ಲಿ ನೂರು ರೂಪಾಯಿ ದಂಡಾನ ಕೇಂದ್ರ ಸಾವಿರ ಮಾಡ್ತು, ಅದೇ ತಿಂಗಳು ನಮ್ ರಾಜ್ಯ ಐನೂರಕ್ಕೆ ಇಳಿಸ್ತು, 2022ರ ಅಕ್ಟೋಬರಲ್ಲಿ ಮತ್ತೆ ಸಾವಿರ, 2023ರ ಫೆಬ್ರವರೀಲಿ ಬಾಕಿ ದಂಡಕ್ಕೆಲ್ಲ ಅರ್ಧಕ್ಕರ್ಧ ಡಿಸ್ಕೌಂಟು, ಜನ ಆಷಾಢ ಸೇಲಿಗೆ ನಿಂತಂಗೆ ಕ್ಯೂ ನಿಂತು ಕಟ್ಟಿದ್ರು. ಎಳೆದ್ರೆ ಬರುತ್ತೆ, ಬಿಟ್ರೆ ವಾಪಸ್ ಹೋಗುತ್ತೆ, ಇಡೀ ರಾಜ್ಯದಲ್ಲಿ ರಿಟ್ರ್ಯಾಕ್ಟರ್ ಸರಿಯಾಗಿ ಕೆಲಸ ಮಾಡ್ತಿರೋದು ಈ ದಂಡಕ್ಕೆ ಮಾತ್ರ.

ರಿಪೇರಿ ಆಗಿದ್ದು ಹೆಂಗೆ ಅಂದ್ರೆ, ಒಂದು ಭಾನುವಾರ ಬೇಜಾರಾಗಿ ನಾನೇ ಕೂತೆ. ಬೆಲ್ಟ್ ಪೂರ್ತಿ ಎಳೆದು, ಒಳಗೆ ಓಡದಂಗೆ ಬಟ್ಟೆ ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ಸೋಪ್ ನೀರಲ್ಲಿ ಒರೆಸಿದೆ. ಬಕೆಟ್ ನೀರು ಕಷಾಯದ ಬಣ್ಣಕ್ಕೆ ತಿರುಗ್ತು, ಅಷ್ಟೂ ವರ್ಷದ ಬೆವರು ಅದು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸುರಿಸಿದ್ದು. ಮೇಲೆ ಕಂಬದ ಹತ್ರ ಬೆಲ್ಟ್ ತೂರಿ ಬರೋ ಬಳೆ ಇರುತ್ತಲ್ಲ, ಅದರಲ್ಲೂ ಅದೇ ಜಿಡ್ಡು. ಒರೆಸಿ ನೆರಳಲ್ಲಿ ಒಣಗಿಸಿದ್ಮೇಲೆ ಸರ್ರಂತ ಒಳಗೆ ಹೋಯ್ತು ನೋಡಿ! ಬಕಲ್ ಒಳಗೆ ಟಾರ್ಚ್ ಬಿಟ್ರೆ ಒಂದು ನಾಲ್ಕಾಣೆ. 2011ರಲ್ಲೇ ಚಲಾವಣೆ ನಿಂತ ನಾಣ್ಯ, ಸೀಟ್ ಸಂದೀಲಿ ಎಲ್ಲಿತ್ತೋ, ಈಗ ಬಂದು ನನ್ನ ಪ್ರಾಣಕ್ಕೆ ಅಡ್ಡ ಕೂತಿತ್ತು. ಚಿಮಟಿಗೇಲಿ ತೆಗೆದೆ, ಟಕ್. (ಬೆಲ್ಟಿನ ನೂಲು ಬಿಟ್ಟಿದ್ರೆ, ಹರಿದಿದ್ರೆ ಈ ಸೋಪ್ ವಿದ್ಯೆ ನಡಿಯಲ್ಲ, ಬದಲಾಯಿಸ್ಲೇಬೇಕು, ನನ್ನ ನಂಬ್ಕೊಂಡು ಕೂರ್ಬೇಡಿ.)

ಖುಷಿಗೆ ದೊಡ್ಡಪ್ಪನ್ನ ಕೂರಿಸ್ಕೊಂಡು ಹೊರಟೆ. ಅವರು ಮುಂದೆ ಕೂತ್ರೆ ಬೆಲ್ಟ್ ಹಾಕ್ಬೇಕಲ್ಲ ಅಂತ ಹಿಂದೆ ಹೋಗಿ ಕೂತ್ರು. ಅಲ್ಲಿಂದ ನನ್ನ ನೋಡಿ, "ಲೋ, ಡ್ರೈವರ್‌ದು ಬಲ ಹೆಗಲಿಂದ ಎಡಕ್ಕೆ ಬರುತ್ತಲ್ಲೋ, ಅಪಸವ್ಯ, ತಿಥಿ ದಿನ ಜನಿವಾರ ಹಾಕ್ಕೊಂಡಂಗೆ, ಅಪಶಕುನ" ಅಂದ್ರು. ದೊಡ್ಡಪ್ಪ, ಇದು ನಮ್ ತಿಥಿ ಬೇಗ ಬರ್ದೇ ಇರ್ಲಿ ಅಂತ ಹಾಕೋದು, ನೀವೂ ಹಾಕ್ಕೊಳ್ಳಿ, ಹಿಂದೆ ಕೂತೋರಿಗೂ ಕಡ್ಡಾಯ, ಟಾಟಾ ಸನ್ಸ್ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ ಅಂಥವ್ರೇ ಹಿಂದಿನ ಸೀಟಲ್ಲಿ ಬೆಲ್ಟ್ ಇಲ್ದೆ ಆಕ್ಸಿಡೆಂಟಲ್ಲಿ ತೀರ್ಕೊಂಡ್ರು ಅಂದೆ. ಏನನ್ನಿಸ್ತೋ, ಹುಡುಕೋಕೆ ಶುರು ಮಾಡಿದ್ರು. ಬೆಲ್ಟ್ ಸಿಕ್ತು, ಬಕಲ್ ಸಿಗ್ಲಿಲ್ಲ. ಕಾರ್ ನಿಲ್ಸಿ ನಾನೂ ಇಳಿದು ತಡವಿದೆ. ಇದೆ, ಗಟ್ಟಿಯಾಗಿ ಕೈಗೆ ಸಿಗ್ತಿದೆ, ಸೀಟ್ ಕವರ್ ಕೆಳಗೆ. ಜೆ.ಸಿ. ರೋಡಲ್ಲೇ ಹಾಕಿಸಿದ ಕವರು, ಮೂರೂ ಬಕಲ್‌ನ ಸಮಾಧಿ ಮಾಡಿ ಮೇಲೆ ಡೈಮಂಡ್ ಹೊಲಿಗೆ ಹಾಕಿದ್ದಾರೆ.

ಮನೆಗೆ ವಾಪಸ್ ಬಂದು ಕತ್ತರಿ ತಗೊಂಡೆ. "ಆರೂವರೆ ಸಾವಿರದ ಕವರು ರೀ, ಕತ್ತರಿ ಆಡಿಸಿದ್ರೆ ನೋಡಿ" ಅಂತ ನನ್ನ ಹೆಂಡ್ತಿ ಬಾಗ್ಲಲ್ಲಿ ನಿಂತಿದ್ದಾಳೆ. ದೊಡ್ಡಪ್ಪ ಆಟೋದಲ್ಲಿ ಹೋದ್ರು.